ಬಂಗಲೆಯ ಹಿಂಬಾಗಿಲು

ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ಹೊಸಪೇಟೆಯ ನಮ್ಮ ಮನೆಗೆ ಬರುತ್ತಾರೆ. ನಿವೃತ್ತಳಾಗಿ ಮೂಲೆ ಸೇರಿದವಳ ಹತ್ತಿರ ಕೇಳುವುದಕ್ಕೆ ಏನಿರುತ್ತದೋ ಕಾಣೆ, ಬಂದವರೆಲ್ಲ ಮಾತ್ರ ಒಂದೇ ಪ್ರಶ್ನೆ ಕೇಳುತ್ತಾರೆ: ‘ಮೇಡಂ, ಹಳ್ಳಿಗೆ ಹೋಗುವ ಮೊದಲು ಯಾವ ಪುಸ್ತಕ ಓದಬೇಕು?’ ಪುಸ್ತಕ ಆಮೇಲೆ ಓದುವಿರಂತೆ, ಮೊದಲು ನೀವು ಕೂತು ಪಾಠ ಹೇಳುವ ಕಟ್ಟಡವನ್ನು ಒಂದು ಸುತ್ತು ಹಾಕಿ ಬನ್ನಿ ಎನ್ನುತ್ತೇನೆ. ಅವರು ಮುಖ ಮುಖ ನೋಡಿಕೊಂಡು ನಗುತ್ತಾರೆ. ಮುದುಕಿಗೆ ಅರಳುಮರಳು ಎಂದುಕೊಳ್ಳುತ್ತಾರೇನೋ. ಆದರೆ ಅದು ತಮಾಷೆಗೆ ಹೇಳಿದ ಮಾತಲ್ಲ. ಯಾಕೆ ಎಂಬುದನ್ನು ಇಲ್ಲಿ ಬರೆದಿಡುತ್ತೇನೆ.

ನಮ್ಮದು ಜನರಿಗೆ ತಿಳಿವಳಿಕೆ ಕೊಡುವ ಒಂದು ಸಂಸ್ಥೆ. ಜಾತಿ, ಬಣ್ಣ, ಬಡವ ಬಲ್ಲಿದ ಎಂಬ ಭೇದ, ಬಿಳಿಯರು ಆಳಿ ಹೋದ ಮೇಲೂ ನಮ್ಮಲ್ಲಿ ಉಳಿದುಬಿಟ್ಟ ಅವರ ರೂಢಿಗಳು, ಇವುಗಳ ಬಗ್ಗೆ ಹಮಾಲರು, ಗಣಿ ಕೆಲಸದವರು, ಆಟೋದವರು, ಹೋಟೆಲಿನವರ ಜೊತೆ ಕೂತು ಮಾತಾಡುವುದು ನನ್ನ ಕೆಲಸವಾಗಿತ್ತು. ಅಕ್ಷರ ಬಾರದವರಿಗೆ ಅಕ್ಷರವನ್ನೂ ಕಲಿಸುತ್ತಿದ್ದೆ. ನಮ್ಮ ಕಡೆ ಕಲಿಸುವ ಹೆಂಗಸಿಗೆ ಅಕ್ಕಾರು ಎನ್ನುತ್ತಾರೆ. ಹೊಸಪೇಟೆಯಿಂದ ಕಂಪ್ಲಿ, ಹಂಪಿ, ಸಂಡೂರಿನ ತನಕ ನಾನು ಎಲ್ಲರಿಗೂ ಅಕ್ಕಾರು. ಯಾವಾಗ ಬಡ್ತಿ ಬಂತು, ಯಾವಾಗ ತಪ್ಪಿತು ಎಂಬ ಕಥೆ ಬೇಡ, ಅದನ್ನು ಕೇಳಿ ಯಾರಿಗೇನಾಗಬೇಕಿದೆ?

ನನ್ನ ಮೊದಲ ತರಗತಿ ಕಂಪ್ಲಿಯಲ್ಲಿ, ಅಕ್ಕಿ ಗಿರಣಿಯ ಕೂಲಿಯವರಿಗೆ. ಕಂಪ್ಲಿ ನನ್ನ ತವರು, ನಮ್ಮ ದೊಡ್ಡಪ್ಪನ ಗಿರಣಿಯೂ ಅಲ್ಲೇ ಇತ್ತು. ಆಗ ನಮಗೆ ಬಣ್ಣದ ಚಾರ್ಟು ಕೊಡುತ್ತಿದ್ದರು. ಒಂದರಲ್ಲಿ ದೊಡ್ಡ ಹೊಟ್ಟೆಯ ದೊರೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದಾನೆ, ಒಬ್ಬ ಅವನಿಗೆ ಕೊಡೆ ಹಿಡಿದಿದ್ದಾನೆ, ಇನ್ನೊಬ್ಬ ನೆಲದ ಮೇಲೆ ಕೂತು ಬೂಟು ಬಿಚ್ಚುತ್ತಿದ್ದಾನೆ. ‘ಇವರು ಯಾರು?’ ಎಂದು ಕೇಳಿದೆ. ಬ್ರಿಟಿಷರು ಎಂಬ ಉತ್ತರ ಬರಬೇಕು, ಅಲ್ಲಿಂದ ಪಾಠ ಶುರುವಾಗಬೇಕು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಅಕ್ಕಿ ಕೇರುವ ಹೆಂಗಸೊಬ್ಬಳು ಎದ್ದು ಬಂದು ಚಾರ್ಟನ್ನು ಹತ್ತಿರದಿಂದ ನೋಡಿದಳು.

‘ನಿಮ್ಮ ದೊಡ್ಡಪ್ಪಾರಿದ್ದಂಗ ಅದಾರ ನೋಡ್ರಿ ಅಕ್ಕಾರ. ಟೊಪಿಗಿ ಒಂದು ಬ್ಯಾರೆ.’

ಇಡೀ ತರಗತಿ ಗೊಳ್ಳೆಂದಿತು. ಬಿಳಿಯರನ್ನು ಬೈಯಲು ಹೋದವಳಿಗೆ ನಮ್ಮ ಮನೆಯವರನ್ನೇ ತೋರಿಸಿದರಲ್ಲ ಎಂದು ಗಾಬರಿ. ಆ ಚಾರ್ಟನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಬಂದವಳು ಮತ್ತೆ ಬಿಚ್ಚಲಿಲ್ಲ. ಆಮೇಲೆ ಚಾರ್ಟುಗಳೇ ಹೋಗಿ ಬೀದಿ ನಾಟಕ ಬಂತು, ನಾಟಕ ಹೋಗಿ ಪ್ರೊಜೆಕ್ಟರ್ ಬಂತು, ಈಗ ಮೊಬೈಲಿಗೆ ಒಂದು ವಿಡಿಯೋ ಕಳಿಸಿದರೆ ಅರಿವು ಮೂಡಿಸಿದಂತೆ. ನನಗೆ ಈ ಕೆಲಸದ ನಿಜವಾದ ಪೆಟ್ಟು ಬಿದ್ದದ್ದು ಪ್ರೊಜೆಕ್ಟರಿನ ಕಾಲದಲ್ಲಿ, ನಿವೃತ್ತಿ ಹತ್ತಿರ ಬಂದಾಗ.

ಹಂಪಿಯಲ್ಲಿ ಪ್ರವಾಸಿಗರಿಗೆ ಕೋಣೆ ಬಾಡಿಗೆ ಕೊಡುವ ಮನೆಗಳವರಿಗೆಲ್ಲ ಬಣ್ಣದ ಭೇದದ ಬಗ್ಗೆ ತರಗತಿ ಮಾಡಿದ್ದೆ. ಬಹಳ ಚೆನ್ನಾಗಿ ನಡೆಯಿತು. ಒಬ್ಬ ಮನೆಯೊಡತಿಯಂತೂ ಕಣ್ಣೊರೆಸಿಕೊಂಡು, ‘ನಮ್ಮ ಅತ್ತಿ ನನ್ನ ಕರೇವ್ವ ಅಂತ ಕರ‍್ಯಾಕಿ ಅಕ್ಕಾರ, ಎಷ್ಟ್ ಅತ್ತೀನಿ ಗೊತ್ತೇನು’ ಎಂದಳು. ಪಾಠ ನಾಟಿತು ಎಂದು ನಾನು ಬೀಗಿಕೊಂಡು ಬಂದೆ.

ಅದಾದ ಕೆಲವೇ ದಿನಕ್ಕೆ ಘಾನಾ ದೇಶದಿಂದ ಜೋಸೆಫ್ ಎಂಬ ವಿದ್ಯಾರ್ಥಿ ಬಂದ. ಹಂಪಿಯ ಹಳೆಯ ಕಾಲುವೆಗಳ ಮೇಲೆ ಏನೋ ಅಧ್ಯಯನ ಮಾಡುತ್ತಿದ್ದ. ನಮ್ಮ ಕೇಂದ್ರದಲ್ಲಿ ಒಂದು ದಿನ ಮಾತಾಡಲು ಒಪ್ಪಿಕೊಂಡಿದ್ದ ಎಂದು ಕೋಣೆ ಹುಡುಕಲು ನಾನೇ ಜೊತೆಗೆ ಹೋದೆ. ಬಾಗಿಲಲ್ಲಿ ‘ಕೋಣೆ ಖಾಲಿ ಇದೆ’ ಎಂಬ ಬೋರ್ಡು, ಇವನ ಮುಖ ನೋಡಿದ ಕೂಡಲೇ ‘ಎಲ್ಲಾ ಫುಲ್’. ಒಂದು ಮನೆಯಾಯಿತು, ಇನ್ನೊಂದಾಯಿತು. ಕಡೆಗೆ ಅದೇ ಕಣ್ಣೊರೆಸಿಕೊಂಡಿದ್ದ ಮನೆಯೊಡತಿಯ ಹತ್ತಿರ ಕರೆದುಕೊಂಡು ಹೋದೆ. ಅವಳು ನನ್ನನ್ನು ಪಕ್ಕಕ್ಕೆ ಕರೆದಳು.

‘ತಪ್ಪು ತಿಳೀಬ್ಯಾಡ್ರಿ ಅಕ್ಕಾರ. ಇದು ಫಾರಿನ್‌ನವ್ರು ಇಳಕೊಳ್ಳೋ ಮನಿ.’

‘ಇವ್ರೂ ಫಾರಿನ್‌ನವ್ರ ಅಲ್ಲೇನವ್ವ?’

‘ಅವ್ರು ಫಾರಿನ್ ಹೆಂಗ ಆಗ್ತಾರ‍್ರಿ? ನಮಗಿಂತ ಕರ‍್ರಗ ಅದಾರ!’

ಜೋಸೆಫ್‌ಗೆ ಕನ್ನಡ ಬಾರದು, ಆದರೆ ಅವನು ಏನನ್ನೂ ಕೇಳಲಿಲ್ಲ. ಚೀಲ ಹೆಗಲಿಗೇರಿಸಿ ಜೀಪಿನ ಕಡೆ ನಡೆದ. ಇಂಥದ್ದು ಅವನಿಗೆ ಹೊಸದಲ್ಲ ಎಂಬುದು ಆ ನಡಿಗೆಯಲ್ಲೇ ಗೊತ್ತಾಗುತ್ತಿತ್ತು. ಇನ್ನೆಲ್ಲಿಗೆ ಕರೆದೊಯ್ಯಲಿ? ಸಂಡೂರಿನ ಕಡೆ, ಯಶವಂತನಗರದ ಹತ್ತಿರವಿರುವ ನಮ್ಮ ತರಬೇತಿ ಬಂಗಲೆಗೇ ಕರೆದುಕೊಂಡು ಹೋದೆ.

ಆ ಬಂಗಲೆಯ ಬಗ್ಗೆ ಹೇಳಬೇಕು. ಹಿಂದೆ ಗಣಿ ನೋಡಿಕೊಳ್ಳಲು ಬಂದ ಯಾರೋ ಬಿಳಿಯ ಎಂಜಿನಿಯರನಿಗೆ ಕಟ್ಟಿಸಿದ್ದಂತೆ. ದಪ್ಪ ಗೋಡೆ, ಎತ್ತರದ ಚಾವಣಿ, ಮುಂದೆ ಕಲ್ಲಿನ ಮೆಟ್ಟಿಲು, ಒಳಗೆ ದೊಡ್ಡ ಪಡಸಾಲೆ. ಒಂದು ಪಕ್ಕಕ್ಕೆ ಅಡುಗೆಮನೆ, ಹಿಂದುಗಡೆ ಬಚ್ಚಲು, ಪಾಯಿಖಾನೆ. ಲಾರಿಗಳ ಕೆಂಪು ಧೂಳು ಕೂತು ಗೋಡೆಯ ಸುಣ್ಣವೆಲ್ಲ ಕೆಂಪಾಗಿತ್ತು. ಅಡುಗೆಯಿಂದ ಹಿಡಿದು ಬೀಗದ ಕೈ ತನಕ ಎಲ್ಲ ಈರಣ್ಣನ ಕೈಯಲ್ಲಿ. ಅವನು ಬಂಗಲೆಯ ಮೇಟಿ, ಅಂದರೆ ಅಡುಗೆಯವನೂ ಅವನೇ, ಕಾವಲಿನವನೂ ಅವನೇ. ಹೊಸ ಕಾರ್ಯಕರ್ತರಿಗೆ ನಾನು ಸಮಾನತೆಯ ಪಾಠ ಹೇಳುತ್ತಿದ್ದದ್ದು ಆ ಪಡಸಾಲೆಯಲ್ಲೇ, ವರ್ಷಾನುಗಟ್ಟಲೆ.

ಮರುದಿನ ಬೆಳಿಗ್ಗೆ ಜೋಸೆಫ್ ಬಂಗಲೆಯ ಸುತ್ತ ಒಂದು ಸುತ್ತು ಹಾಕಿ ಬಂದು ನನ್ನನ್ನು ಕರೆದ. ‘ಬಚ್ಚಲಿಗೆ ಹೊರಗಿನಿಂದ ಬಾಗಿಲು ಯಾಕಿದೆ ಗೊತ್ತೇ?’ ಎಂದು ಇಂಗ್ಲಿಷಿನಲ್ಲಿ ಕೇಳಿದ. ತೋಟಕ್ಕೆ ನೀರು ಬಿಡುವುದಕ್ಕೆ ಇರಬೇಕು ಎಂದೆ. ಅವನು ತಲೆ ಅಲ್ಲಾಡಿಸಿದ. ‘ನನ್ನ ತಾತ ಗುಮಾಸ್ತನಾಗಿದ್ದ ಊರಿನಲ್ಲೂ ಬಿಳಿಯರ ಬಂಗಲೆಗಳಿಗೆ ಹೀಗೇ ಒಂದು ಬಾಗಿಲಿತ್ತು. ಮಲದ ಬಕೆಟ್ಟು ಒಯ್ಯುವವನಿಗೆ. ಅವನು ಮನೆಯೊಳಗೆ ಕಾಲಿಡಬಾರದು, ಮನೆಯವರಿಗೆ ಅವನ ಮುಖ ಕಾಣಬಾರದು, ಅದಕ್ಕೆ. ದೊರೆಗಳು ಹೋದ ಮೇಲೆ ಆ ಬಂಗಲೆಗಳಿಗೆ ನಮ್ಮವರೇ ಬಂದರು. ಬಾಗಿಲನ್ನು ಮಾತ್ರ ಹಾಗೇ ಇಟ್ಟುಕೊಂಡರು’ ಎಂದ.

ನಮ್ಮಲ್ಲಿ ಅದೆಲ್ಲ ಹೋಗಿದೆ, ಈಗ ಎಲ್ಲ ಕಡೆ ಫ್ಲಶ್ ಇದೆ ಎಂದು ನಾನು ಹೇಳುತ್ತಿದ್ದಂತೆಯೇ ಆ ಬಾಗಿಲು ಕಿರ‍್ರೆಂದಿತು. ಕೈಯಲ್ಲಿ ಬಕೆಟ್ಟು, ಕಸಬರಿಗೆ ಹಿಡಿದು ತಲೆ ಬಗ್ಗಿಸಿ ಒಳಗೆ ಬಂದವಳು ಹುಲಿಗೆಮ್ಮ.

ಹುಲಿಗೆಮ್ಮ ನನಗೆ ಹೊಸಬಳಲ್ಲ. ಹತ್ತಿರದ ಕೇರಿಯ ಸಂಜೆ ತರಗತಿಯಲ್ಲಿ ನನ್ನ ಮುಂದೆ ಕೂತು ಹೆಸರು ಬರೆಯಲು ಕಲಿತವಳು. ಅವಳು ಬಂಗಲೆಯಲ್ಲಿ ಕೆಲಸ ಮಾಡುತ್ತಾಳೆಂದೂ ಗೊತ್ತಿತ್ತು. ಆದರೆ ಅವಳು ಒಳಗೆ ಬರುವುದು ಎಲ್ಲಿಂದ? ಪಡಸಾಲೆ ಗುಡಿಸುವವಳು ಬೇರೆ, ಅವಳು ಮುಂದಿನ ಮೆಟ್ಟಿಲು ಹತ್ತಿ ಬರುತ್ತಿದ್ದಳು, ಅದನ್ನು ನೋಡಿದ್ದೆ. ಹುಲಿಗೆಮ್ಮನನ್ನು ಪಡಸಾಲೆಯಲ್ಲಿ ಒಂದು ದಿನವೂ ನೋಡಿರಲಿಲ್ಲ ಎಂಬುದು ಆಗ ಹೊಳೆಯಿತು. ಜೋಸೆಫ್ ನನ್ನ ಮುಖ ನೋಡಿ ದೃಷ್ಟಿ ಬೇರೆ ಕಡೆ ತಿರುಗಿಸಿದ, ನನಗೆ ನಾಚಿಕೆಯಾಗದಿರಲಿ ಎಂದು.

‘ಹುಲಿಗೆಮ್ಮ, ದಿನಾ ಇಲ್ಲಿಂದನ ಬರ‍್ತಿಯೇನು?’ ಎಂದೆ.

‘ಮತ್ತೆಲ್ಲಿಂದ ಬರಲ್ರಿ ಅಕ್ಕಾರ? ನಮ್ಮತ್ತಿನೂ ಇಲ್ಲಿಂದನ ಬರಾಕಿ’ ಎಂದು ಅವಳು ನೆಲಕ್ಕೆ ನೀರು ಹೊಯ್ದಳು.

ನಮ್ಮ ನಿರ್ದೇಶಕರಿಗೆ ಈ ವಿಷಯ ಹೇಳಿದೆ. ಅವರು ಓದಿಕೊಂಡವರು, ವಸಾಹತುಶಾಹಿ ಎಂಬ ಶಬ್ದವಿಲ್ಲದೆ ಅವರ ಭಾಷಣ ಮುಗಿಯುತ್ತಿರಲಿಲ್ಲ. ಅವರಿಗೆ ಬೇಸರವಾಗಬಹುದು ಎಂದುಕೊಂಡಿದ್ದೆ, ಅವರಿಗೆ ಖುಷಿಯಾಯಿತು! ‘ಎಂಥಾ ಸಂಕೇತ ಮೇಡಂ! ಮುಚ್ಚಿಸಿಬಿಡೋಣ’ ಎಂದರು. ಗಾರೆಯವರು ಬಂದರು, ಬಾಗಿಲು ಕಿತ್ತು ಇಟ್ಟಿಗೆ ಕಟ್ಟಿದರು. ಕೊನೆಯ ಇಟ್ಟಿಗೆಯನ್ನು ನಿರ್ದೇಶಕರೇ ಇಟ್ಟರು. ಫೋಟೋ ತೆಗೆದರು, ಪತ್ರಿಕೆಯಲ್ಲೂ ಬಂತು. ನಾನೂ ಚಪ್ಪಾಳೆ ತಟ್ಟಿದೆ. ಹುಲಿಗೆಮ್ಮ ಕಾಂಪೌಂಡಿನ ಬೇವಿನ ಮರದ ಕೆಳಗೆ ನಿಂತು ನೋಡುತ್ತಿದ್ದಳು. ಅವಳಿಗೆ ಏನನ್ನಿಸಿತು ಎಂದು ಯಾರೂ ಕೇಳಲಿಲ್ಲ.

ಮರುದಿನದಿಂದಲೇ ಹೊಸ ಕಾರ್ಯಕರ್ತರ ತರಬೇತಿ. ನಾನು ಹೊಸಪೇಟೆಯಿಂದ ಬಸ್ಸಿನಲ್ಲಿ ಬಂದು ಇಳಿದಾಗ ಹುಲಿಗೆಮ್ಮ ಬಕೆಟ್ಟು ಪಕ್ಕದಲ್ಲಿಟ್ಟುಕೊಂಡು ಗೇಟಿನ ಹೊರಗೆ ಕೂತಿದ್ದಳು. ಈರಣ್ಣ ಒಳಗೆ ಬಿಟ್ಟಿಲ್ಲವಂತೆ.

‘ಬಾಗ್ಲಾನ ಇಲ್ಲ, ಎಲ್ಲಿಂದ ಬರ‍್ತಿಬೇ, ಹಾರ‍್ಕೊಂಡು ಬರ‍್ತಿಯೇನು ಅಂದ್ರಿ’ ಎಂದಳು.

ನಾನು ಕೆಂಡವಾಗಿ ಒಳಗೆ ಹೋದೆ. ಈರಣ್ಣ ಒಗ್ಗರಣೆ ಹಾಕುತ್ತಿದ್ದ.

‘ಮುಂದಿನ ಬಾಗ್ಲ ಇಲ್ಲೇನೋ ಈರಣ್ಣ?’

‘ಐತ್ರಿ. ಅಲ್ಲಿಂದ ಬಂದ್ರ ಅಡಿಗಿಮನಿ ಮುಂದ ಹಾಯಬೇಕು, ಊಟದ ಟೇಬಲ್ ಮುಂದ ಹಾಯಬೇಕು. ಆಕಿ ಕಸಬರಿಗಿ ಹಿಡ್ಕೊಂಡು ಹಾದ್ರ ಉಣ್ಣಾವ್ರು ಉಣ್ತಾರೇನ್ರಿ?’

‘ಪಡಸಾಲಿ ಗುಡ್ಸಾಕಿ ದಿನಾ ಕಸಬರಿಗಿ ಹಿಡ್ಕೊಂಡ ಬರ‍್ತಾಳಲ್ಲ?’

‘ಆಕಿ ಬ್ಯಾರೆ ಬಿಡ್ರಿ’ ಎಂದು ಅವನು ಒಲೆ ಸಣ್ಣ ಮಾಡಿದ.

ನಿರ್ದೇಶಕರಿಗೆ ಫೋನು ಮಾಡಿದೆ. ಸ್ವಲ್ಪ ದಿನ ತಡೆಯಿರಿ, ಎಲ್ಲ ತಾನಾಗಿಯೇ ಸರಿಹೋಗುತ್ತದೆ ಎಂದರು. ಸರಿಹೋಗಲಿಲ್ಲ. ಹುಲಿಗೆಮ್ಮ ಬೆಳಿಗ್ಗೆ ಬರುವುದು, ಗೇಟಿನ ಹತ್ತಿರ ಕೂರುವುದು, ಬಿಸಿಲೇರಿದ ಮೇಲೆ ಎದ್ದುಹೋಗುವುದು. ಕೆಲಸ ಮಾಡದ ದಿನಕ್ಕೆ ಅವಳಿಗೆ ಕೂಲಿ ಇಲ್ಲ. ಅತ್ತೆಯ ಕಾಲದಿಂದ ಆ ಮನೆಗಿದ್ದ ಒಂದೇ ಕೆಲಸ ಅದು. ಅವಳಿಗೆ ಮಾಡಿದ ಅವಮಾನವನ್ನು ತೊಳೆಯುತ್ತೇವೆಂದು ಹೊರಟು ಅವಳ ಅನ್ನಕ್ಕೇ ಗೋಡೆ ಕಟ್ಟಿದ್ದೆವು. ಪಾಯಿಖಾನೆ ನಾತ ಹೊಡೆಯತೊಡಗಿತು. ಪಡಸಾಲೆ ಗುಡಿಸುವವಳು ಅದನ್ನು ಮುಟ್ಟುವುದಿಲ್ಲ, ಈರಣ್ಣ ಮುಟ್ಟುವುದಿಲ್ಲ. ‘ನಮ್ಮದನ್ನು ನಾವೇ ತೊಳೆದುಕೊಳ್ಳೋಣ’ ಎಂದು ತರಬೇತಿಗೆ ಬಂದವರಿಗೆ ಹೇಳಿದೆ. ಒಬ್ಬರೂ ಏಳಲಿಲ್ಲ. ಮೊದಲ ದಿನ ನಾನೇ ತೊಳೆದೆ. ಎರಡನೆಯ ದಿನ ಬೆಳಿಗ್ಗೆ ಅವರು ನನ್ನ ದಾರಿ ಕಾಯುತ್ತಿದ್ದರು, ತೊಳೆಯುವವಳು ಇನ್ನೂ ಬರಲಿಲ್ಲವಲ್ಲ ಎಂದು!

ಆಗ ನಿರ್ದೇಶಕರು ಬಂದು ಮೂಗಿಗೆ ಕರವಸ್ತ್ರ ಹಿಡಿದು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. ‘ಆ ಗೋಡೆ ಒಡೆಸಿಬಿಡಿ ಮೇಡಂ. ಹೇಗೂ ಫೋಟೋ ಬಂದಾಯಿತಲ್ಲ.’

ಮೇಲಧಿಕಾರಿಗೆ ಎದುರು ಮಾತಾಡಿ ನನಗೆ ಅಭ್ಯಾಸವಿರಲಿಲ್ಲ, ಅಂದು ಮಾತಾಡಿದೆ. ಗೋಡೆ ಒಡೆದರೆ ನಾನು ಈ ತರಬೇತಿ ನಡೆಸುವುದಿಲ್ಲ, ಹುಲಿಗೆಮ್ಮ ಮುಂದಿನ ಬಾಗಿಲಿನಿಂದಲೇ ಬರುತ್ತಾಳೆ ಎಂದೆ. ಅವರು ಕೈ ಚೆಲ್ಲಿ, ಏನಾದರೂ ಮಾಡಿಕೊಳ್ಳಿ ಎಂದರು. ಸೀದಾ ಕೇರಿಗೆ ಹೋದೆ. ಹುಲಿಗೆಮ್ಮ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ನಾಳೆಯಿಂದ ಮುಂದಿನ ಬಾಗಿಲಿನಿಂದ ಬಾ ಎಂದೆ. ಕಣ್ಣಲ್ಲಿ ನೀರು ತಂದುಕೊಳ್ಳುತ್ತಾಳೆ ಎಂದು ನನ್ನ ಲೆಕ್ಕ. ಅವಳು ಮೊರ ಕೆಳಗಿಟ್ಟಳು.

‘ಬಾಗ್ಲ ಮುಚ್ಚಿದವ್ರು ನೀವು. ತೆಗದವ್ರೂ ನೀವು. ನನ್ನ ಯಾರಾರ ಒಂದ್ ಮಾತು ಕೇಳಿದ್ರೇನು?’

ನಾನು ಅವಳ ಪಕ್ಕ ಹೊಸ್ತಿಲ ಮೇಲೆ ಕೂತೆ.

‘ಬರ‍್ತೀನಿ ತಗೋರಿ’ ಎಂದು ಅವಳೇ ಮುಂದುವರಿಸಿದಳು. ‘ಖರೆ ಮೊದ್ಲನೇ ದಿನ ಬಕೇಟ ಹಿಡ್ಕೊಂಡು ಬರಂಗಿಲ್ಲ. ಬರೀ ಕೈಲೆ ಬರ‍್ತೀನಿ. ಕುರ್ಚಿ ಮ್ಯಾಲ ಕುಂದ್ರತೀನಿ. ಈರಣ್ಣನ ಕೈಲೆ ಚಾ ತರಸ್ರಿ, ಎಲ್ಲಾರ ಜೋಡಿ ಕುಡೀತೀನಿ. ಆಮ್ಯಾಲ ನನ್ನ ಕೆಲ್ಸ ನಾ ಮಾಡ್ತೀನಿ.’

ಒಪ್ಪಿಕೊಂಡೆ. ಮರುದಿನ ಹಸಿರು ಇಳಕಲ್ ಸೀರೆ ಉಟ್ಟು, ತಲೆಗೆ ಹೂ ಮುಡಿದು ಬಂದಳು. ಕಲ್ಲಿನ ಮೆಟ್ಟಿಲಿನ ಕೆಳಗೆ ಒಂದು ಗಳಿಗೆ ನಿಂತಳು. ನಾನು ‘ಬಾ ಹುಲಿಗೆಮ್ಮ’ ಎಂದು ಕೈ ಚಾಚಿದೆ. ಅವಳು ಕೈ ಹಿಡಿಯಲಿಲ್ಲ, ತಾನೇ ಹತ್ತಿ ಬಂದಳು. ಪಡಸಾಲೆಯಲ್ಲಿ ತರಬೇತಿಯವರೆಲ್ಲ ಕೂತಿದ್ದರು, ನಿರ್ದೇಶಕರೂ ಇದ್ದರು. ಅವಳು ಖಾಲಿ ಕುರ್ಚಿಯೊಂದನ್ನು ಎಳೆದು ಕೂತಳು. ಈರಣ್ಣ ಅವಳೊಬ್ಬಳಿಗೆ ಪೇಪರ್ ಲೋಟ ತಂದಾನೆಂದು ಹೆದರಿದ್ದೆ. ತರಲಿಲ್ಲ. ಬಂಗಲೆಯ ಬಂಗಾರದ ಅಂಚಿನ ಪಿಂಗಾಣಿ ಕಪ್ಪು, ಎಲ್ಲರಿಗೂ ಒಂದೇ ಥರದ್ದು. ಹುಲಿಗೆಮ್ಮ ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಕುಡಿದಳು. ಯಾರೋ ಚಪ್ಪಾಳೆ ಹೊಡೆದರು. ಹುಡುಗರು ಎದ್ದು ಅವಳ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಇಷ್ಟು ವರ್ಷದ ಕೆಲಸ ಸಾರ್ಥಕವಾಯಿತು ಎಂದು ಆ ಹೊತ್ತಿನಲ್ಲಿ ನಿಜವಾಗಿ ಅನ್ನಿಸಿತು.

ಹುಲಿಗೆಮ್ಮ ಮನೆಗೆ ಹೋಗಿ ಸೀರೆ ಬದಲಿಸಿ ಬಕೆಟ್ಟು ಹಿಡಿದು ಬಂದಳು, ಮುಂದಿನ ಬಾಗಿಲಿನಿಂದಲೇ. ಬಚ್ಚಲು, ಪಾಯಿಖಾನೆ ಎಲ್ಲ ತಿಕ್ಕಿ ತೊಳೆದಳು. ಅಡುಗೆಮನೆಯ ಹಿಂದಿನ ಕಸದ ಬುಟ್ಟಿ ಖಾಲಿ ಮಾಡುವುದೂ ಅವಳ ಕೆಲಸ. ನಾನು ಪಡಸಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಅವಳು ಒಳಗೆ ಬಂದು ನನ್ನ ಮೇಜಿನ ಮುಂದೆ ನಿಂತಳು. ಕೈಯಲ್ಲಿ ಬಂಗಾರದ ಅಂಚಿನ ಕಪ್ಪು, ಅದಕ್ಕೆ ಕುಂಬಳಕಾಯಿ ಸಿಪ್ಪೆ ಅಂಟಿಕೊಂಡಿತ್ತು.

‘ಬುಟ್ಟ್ಯಾಗ ಇತ್ರಿ. ಒಡದಿಲ್ಲ, ಏನಿಲ್ಲ’ ಎಂದಳು.

ನಾನು ಎದ್ದು ಈರಣ್ಣನನ್ನು ಕೂಗಿದೆ. ಬಾಯಿಗೆ ಬಂದಂತೆ ಬೈದೆ. ಅವನು ತಲೆ ತಗ್ಗಿಸಲಿಲ್ಲ.

‘ನನ್ನ ಯಾಕ ಬೈತೀರಿ ಅಕ್ಕಾರ? ನಾ ತೊಳದು ಇಡಾಕ ಹೊಂಟಿದ್ದೆ. ಯಾವ ಕಪ್ಪು ಆಕಿದು, ಅದನ್ನ ನಮಗ ಕೊಡಬ್ಯಾಡ, ತಗದು ಹಾಕು ಅಂತ ಬಂದು ಹೇಳಿದವ್ರು ಇಲ್ಲೇ ಕುಂತಾರ, ಕೇಳ್ರಿ.’

ನಾನು ತಿರುಗಿ ನೋಡಿದೆ. ಸಾಲು ಸಾಲು ಮುಖ. ಬೆಳಿಗ್ಗೆ ಅವಳ ಪಕ್ಕ ನಿಂತು ಫೋಟೋ ತೆಗೆಸಿಕೊಂಡ ಮುಖಗಳೇ. ಹಳ್ಳಿ ಹಳ್ಳಿಗೆ ಹೋಗಿ ಭೇದ ಬೇಡ ಎಂದು ಹೇಳಬೇಕಾದವರು. ಒಬ್ಬರೂ ಕಣ್ಣೆತ್ತಲಿಲ್ಲ. ಯಾರೆಂದು ನಾನೂ ಕೇಳಲಿಲ್ಲ. ಹುಲಿಗೆಮ್ಮ ಬಕೆಟ್ಟನ್ನು ಪಡಸಾಲೆಯ ನಟ್ಟನಡುವೆ ಇಟ್ಟಳು. ಕಪ್ಪನ್ನು ಸೆರಗಿನಲ್ಲಿ ಒರೆಸಿ, ಅದನ್ನು ಹಿಡಿದುಕೊಂಡೇ ಮುಂದಿನ ಬಾಗಿಲಿನಿಂದ ಇಳಿದು ಹೋದಳು. ಮತ್ತೆ ಬರಲಿಲ್ಲ. ಎಷ್ಟು ಸಲ ಕರೆಯಲು ಹೋದರೂ ಬರಲಿಲ್ಲ. ಕೆಲವು ದಿನಗಳಾದ ಮೇಲೆ ಗೋಡೆ ಒಡೆದು ಕಬ್ಬಿಣದ ಬಾಗಿಲು ಕೂರಿಸಿದರು, ಅದರೊಳಗಿಂದ ಬೇರೊಬ್ಬಳು ಬರತೊಡಗಿದಳು. ನಾನು ಹೇಳಿದ ಮಾತಿಗೆ ತಪ್ಪದೆ ಆ ಬಂಗಲೆಯಲ್ಲಿ ಪಾಠ ನಿಲ್ಲಿಸಿದೆ. ಅದರಿಂದ ಯಾರಿಗೂ ಏನೂ ನಷ್ಟವಾಗಲಿಲ್ಲ. ಯಾವ ಪುಸ್ತಕ ಓದಬೇಕೆಂದು ನನ್ನ ಮನೆಗೆ ಬಂದು ಕೇಳುವ ನಿಮಗೆ, ಕಾರ್ಯಕರ್ತರಾಗಿ ಸೇರಿದಾಗ ತರಬೇತಿ ಕೊಟ್ಟರಲ್ಲ, ಅವರಲ್ಲಿ ಹಲವರು ಅಂದು ಆ ಪಡಸಾಲೆಯಲ್ಲಿ ಕೂತಿದ್ದವರು. ಅದಕ್ಕೇ ಇಷ್ಟೆಲ್ಲ ಬರೆದೆ.

ಹುಲಿಗೆಮ್ಮ ಈಗ ಕುರೆಕುಪ್ಪದಲ್ಲಿ ಮಗಳ ಮನೆಯಲ್ಲಿದ್ದಾಳೆ. ಕಾರ್ಮಿಕರ ಹಾಸ್ಟೆಲೊಂದರಲ್ಲಿ ಕೆಲಸ, ಅದೇ ಕಸಬರಿಗೆ, ಅದೇ ಬಕೆಟ್ಟು. ‘ಅಲ್ಲಿ ಇರೋದ ಒಂದ್ ಗೇಟ್ರಿ ಅಕ್ಕಾರ. ಮ್ಯಾನೇಜರ್ ಆಗ್ಲಿ, ನಾ ಆಗ್ಲಿ, ಕಾರ್ಡ್ ತೋರ‍್ಸಿದ್ರನ ಒಳಗ’ ಎಂದು ನಗುತ್ತಾಳೆ. ನಾನು ಆಗಾಗ ನೋಡಲು ಹೋಗುತ್ತೇನೆ. ಕಳೆದ ಸಲ ಹೋದಾಗ ‘ಕುಂದ್ರಿ’ ಎಂದು ಕುರ್ಚಿ ಹಾಕಿ ಚಾ ಮಾಡಿದಳು. ಅವಳಿಗೆ, ಮಗಳಿಗೆ, ಆಗ ತಾನೇ ಬಂದ ಪಕ್ಕದ ಮನೆಯವಳಿಗೆ ಸ್ಟೀಲಿನ ಲೋಟ. ನನಗೆ ಮಾತ್ರ ಗೂಡಿನಿಂದ ಅದೇ ಬಂಗಾರದ ಅಂಚಿನ ಕಪ್ಪು ತೆಗೆದಳು.

‘ಯಾಕ ಹುಲಿಗೆಮ್ಮ, ನನಗೂ ಲೋಟದಾಗ ಕೊಡು’ ಎಂದೆ.

‘ಇರಲಿ ತಗೋರಿ ಅಕ್ಕಾರ. ನೀವು ಬಂದ್ರ ಬೇಕಾಗ್ತೈತಂತ ಬ್ಯಾರೆ ಇಟ್ಟೀನಿ. ನಮ್ಮವ್ರು ಯಾರೂ ಇದ್ರಾಗ ಕುಡಿಯಂಗಿಲ್ಲ’ ಎಂದು ಪ್ರೀತಿಯಿಂದಲೇ ಕೈಗಿತ್ತಳು.

ಅವಳು ನನ್ನನ್ನೇ ನೋಡುತ್ತಿದ್ದಳು. ಕುಡಿದೆ.